ಕುದುರೆಯ ಬೆನ್ನು, ಸವಾರನ ಜೀನು

‘ಕುದುರೆ ಕಂಡರೆ ಕಾಲುನೋವು’ ಎಂಬುದು ನಮ್ಮ ಹಳೆಯ ಗಾದೆ. ಅದುವರೆಗೆ ಸಲೀಸಾಗಿ ನಡೆದು ಬಂದವನಿಗೂ ಏರಲು ಕುದುರೆ ಸಿಕ್ಕಿತೆಂದರೆ ಇದ್ದಕ್ಕಿದ್ದಂತೆ ಕಾಲು ನೋಯತೊಡಗುತ್ತದೆ. ಆದರೆ ಅವನನ್ನು ಹೊರುವ ಕುದುರೆಗೂ ಒಂದು ಬೆನ್ನಿದೆ, ಅದೂ ನೋಯುತ್ತದೆ ಎಂಬ ಮಾತು ಗಾದೆಯಲ್ಲಿ ಬರುವುದಿಲ್ಲ. ಜೀನಿನ ಚರಿತ್ರೆಯನ್ನು ತಿರುವಿ ನೋಡಿದರೆ ಅಲ್ಲಿಯೂ ಬಹುಮಟ್ಟಿಗೆ ಇದೇ ಕಥೆ. ಸವಾರ ಬೀಳದಂತೆ ಕೂರುವುದು ಹೇಗೆ ಎಂಬ ಯೋಚನೆ ಮೊದಲು ಬಂತು. ಕುದುರೆ ನೋಯದಂತೆ ಹೊರುವುದು ಹೇಗೆ ಎಂಬ ಯೋಚನೆ ಅನೇಕ ಸಲ ಬೆನ್ನು ಹುಣ್ಣಾದ ಮೇಲೆಯೇ ಬಂತು.

ಜೀನಿನ ಒಳಗೆ ಮರದ ಚೌಕಟ್ಟು ಇರಬೇಕೇ, ಬೇಡವೇ ಎಂಬ ಚರ್ಚೆ ಕುದುರೆ ಸಾಕುವವರಲ್ಲಿ ಈಚಿನ ದಶಕಗಳಲ್ಲಿ ಜೋರಾಗಿದೆ. ಇಂಗ್ಲಿಷಿನಲ್ಲಿ ಈ ಚೌಕಟ್ಟಿಗೆ ‘ಟ್ರೀ’ ಎಂದೇ ಹೆಸರು. ಅದಿಲ್ಲದ ಜೀನು ‘ಟ್ರೀಲೆಸ್’. ಮರವಿಲ್ಲದ ಜೀನು ಹೊಸ ಕಾಲದ ಸಂಶೋಧನೆ ಎಂದು ಹಲವರು ತಿಳಿದಿದ್ದಾರೆ. ನಿಜವಾಗಿ ನೋಡಿದರೆ ಅದು ಮರದ ಜೀನಿಗಿಂತ ಸಾವಿರ ವರ್ಷ ಹಳೆಯದು. ಎರಡರಲ್ಲಿ ಯಾವುದು ಮೇಲು ಎಂಬ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಮೊದಲು ಕುದುರೆಯ ಬೆನ್ನನ್ನೇ ನೋಡಬೇಕು.

ಹೊರುವ ಜಾಗ ಎಷ್ಟು?

ಕುದುರೆಯ ಬೆನ್ನು ಹೊರಗಿನಿಂದ ವಿಶಾಲವಾಗಿ ಕಾಣುತ್ತದೆ. ಆದರೆ ಭಾರ ಹೊರಲು ಯೋಗ್ಯವಾದ ಜಾಗ ಅದರಲ್ಲಿ ಚಿಕ್ಕದು. ಮುಂದೆ ಹೆಗಲಿನ ಅಗಲ ಮೂಳೆ ಇದೆ. ಕುದುರೆ ಮುಂಗಾಲು ಚಾಚಿದಾಗಲೆಲ್ಲ ಇದರ ಮೇಲ್ತುದಿ ಹಿಂದಕ್ಕೆ ಜಾರುತ್ತದೆ. ಅದಕ್ಕೆ ಅಡ್ಡಿಯಾದರೆ ನಡಿಗೆಯೇ ಕುಂದುತ್ತದೆ. ಹಿಂದೆ ಸೊಂಟದ ಭಾಗ. ಅಲ್ಲಿ ಪಕ್ಕೆಲುಬುಗಳ ಆಸರೆ ಇಲ್ಲ. ಸಾಮಾನ್ಯವಾಗಿ ಕುದುರೆಗೆ 18 ಜೊತೆ ಪಕ್ಕೆಲುಬುಗಳು. ಭಾರವೆಲ್ಲ ಕೊನೆಯ ಪಕ್ಕೆಲುಬಿಗಿಂತ ಮುಂದೆ ಮುಗಿಯಬೇಕು.

ಇನ್ನು ನಡುವೆ ಇರುವುದು ಬೆನ್ನೆಲುಬು. ಅದರ ಮೇಲ್ತುದಿಗಳು ಚರ್ಮದ ಕೆಳಗೆ ತೀರ ಹತ್ತಿರದಲ್ಲಿವೆ. ಕುತ್ತಿಗೆ ಮುಗಿದು ಬೆನ್ನು ಶುರುವಾಗುವಲ್ಲಿ ಅವು ಎತ್ತರವಾಗಿ ಎದ್ದು ಒಂದು ದಿಬ್ಬದಂತೆ ಕಾಣುತ್ತವೆ. ಈ ಏಣಿನ ಮೇಲೆ ಭಾರ ಬೀಳಲೇಬಾರದು. ಹಾಗಾದರೆ ಉಳಿದ ಜಾಗ ಯಾವುದು? ಬೆನ್ನೆಲುಬಿನ ಎಡಕ್ಕೂ ಬಲಕ್ಕೂ ಉದ್ದಕ್ಕೆ ಹರಡಿರುವ ಎರಡು ಮಾಂಸಲ ಪಟ್ಟಿಗಳು ಮಾತ್ರ. ಒಳ್ಳೆಯ ಜೀನು ಸವಾರನ ಭಾರವನ್ನು ಈ ಎರಡು ಪಟ್ಟಿಗಳ ಮೇಲೆ ಸಮನಾಗಿ ಹರಡಿ, ನಡುವೆ ಒಂದು ಸಂದು ಬಿಡುತ್ತದೆ.

ಹಾಗೆ ಮಾಡದಿದ್ದರೆ ಏನಾಗುತ್ತದೆ? ಒಂದೇ ಕಡೆ ಗಂಟೆಗಟ್ಟಲೆ ಒತ್ತಡ ಬಿದ್ದರೆ ಅಲ್ಲಿನ ಸಣ್ಣ ರಕ್ತನಾಳಗಳು ಮುಚ್ಚಿಹೋಗುತ್ತವೆ. ಜೀನು ತೆಗೆದ ಕ್ಷಣದಲ್ಲಿ ಏನೂ ಕಾಣದಿರಬಹುದು. ರಕ್ತ ಮರಳಿ ಹರಿದ ಮೇಲೆ ಬಾವು ಏಳುತ್ತದೆ, ಚರ್ಮ ಸಾಯುತ್ತದೆ, ಹುಣ್ಣಾಗುತ್ತದೆ. ಆದ್ದರಿಂದಲೇ ದೂರದ ಸವಾರಿ ಮುಗಿದೊಡನೆ ಜೀನು ಕಿತ್ತೆಸೆಯದೆ, ಹೊಟ್ಟೆಪಟ್ಟಿ ಮಾತ್ರ ಸಡಿಲಿಸಿ ಸ್ವಲ್ಪ ಹೊತ್ತು ಬೆನ್ನ ಮೇಲೇ ಬಿಡುವ ರೂಢಿ ದಂಡುಗಳಲ್ಲಿ ಬೆಳೆಯಿತು. ಹುಣ್ಣು ಮಾಯ್ದ ಜಾಗದಲ್ಲಿ ಬಹಳ ಸಲ ಬಿಳಿ ಕೂದಲು ಹುಟ್ಟುತ್ತದೆ. ಕಂದು ಕುದುರೆಯ ಬೆನ್ನ ಮೇಲೆ ಬಿಳಿಯ ಮಚ್ಚೆ ಕಂಡರೆ ಅದು ಹುಟ್ಟಿನಿಂದ ಬಂದ ಚೆಲುವಾಗಿರದೆ ಯಾವುದೋ ಕೆಟ್ಟ ಜೀನಿನ ಗುರುತಾಗಿರಬಹುದು.

ಬಟ್ಟೆಯಿಂದ ದಿಂಬಿಗೆ

ಮೊದಲ ಸವಾರರಿಗೆ ಜೀನು ಇರಲಿಲ್ಲ. ಬರಿ ಬೆನ್ನ ಮೇಲೆ ಅಥವಾ ಒಂದು ಬಟ್ಟೆಯ ಮೇಲೆ ಕೂರುತ್ತಿದ್ದರು. ಅಸ್ಸೀರಿಯಾದ ಅರಮನೆಗಳ ಉಬ್ಬುಶಿಲ್ಪಗಳಲ್ಲಿ ಕುಚ್ಚು ಕಟ್ಟಿದ ಬಟ್ಟೆ ಹೊದ್ದ ಕುದುರೆಗಳನ್ನು ಕಾಣಬಹುದು. ಗ್ರೀಸಿನ ಕ್ಸೆನೊಫೊನ್ ಕ್ರಿ.ಪೂ. 4ನೇ ಶತಮಾನದಲ್ಲಿ ಅಶ್ವಾರೋಹಣದ ಬಗ್ಗೆ ಒಂದು ಕೃತಿಯನ್ನೇ ಬರೆದ. ಬೆನ್ನೆಲುಬಿನ ಎರಡೂ ಕಡೆ ಮಾಂಸ ತುಂಬಿದ ಕುದುರೆಯ ಮೇಲೆ ಕೂರುವುದು ಹಿತ ಎಂದು ಅವನು ಹೇಳುತ್ತಾನೆ. ಬೆನ್ನ ಮೇಲೆ ಹಾಕುವ ಹೊದಿಕೆ ಸವಾರನಿಗೆ ಭದ್ರ ಕೂರಿಕೆ ಕೊಡಬೇಕು, ಕುದುರೆಯ ಬೆನ್ನನ್ನು ಉಜ್ಜಿ ಗಾಯ ಮಾಡಬಾರದು ಎಂಬುದು ಅವನ ಸಲಹೆ. ಜೀನಿಗೆ ಇರಬೇಕಾದ ಎರಡು ಗುಣಗಳನ್ನೂ ಹೀಗೆ ಜೀನು ಬಳಸದ ನಾಡಿನವನೊಬ್ಬ ಸುಮಾರು 2,400 ವರ್ಷಗಳ ಹಿಂದೆಯೇ ಗುರುತಿಸಿದ್ದ.

ಅದೇ ಕಾಲದ ಸುಮಾರಿಗೆ ಮಧ್ಯ ಏಷ್ಯಾದ ಹುಲ್ಲುಗಾವಲುಗಳ ಜನ ಇನ್ನೂ ಮುಂದೆ ಹೋಗಿದ್ದರು. ರಷ್ಯಾದ ಅಲ್ತಾಯ್ ಪರ್ವತಗಳ ಪಜಿರಿಕ್ ಎಂಬಲ್ಲಿ ಹಿಮದಲ್ಲಿ ಹೆಪ್ಪುಗಟ್ಟಿದ್ದ ಗೋರಿಗಳನ್ನು ಪ್ರಾಚ್ಯವಸ್ತು ಸಂಶೋಧಕ ಸೆರ್ಗೆಯ್ ರುಡೆಂಕೊ 1929ರಲ್ಲಿ, ಮತ್ತೆ 1940ರ ದಶಕದ ಕೊನೆಯಲ್ಲಿ ಅಗೆದರು. ಯಜಮಾನನೊಂದಿಗೆ ಹೂತಿದ್ದ ಕುದುರೆಗಳೂ ಅವುಗಳ ಜೀನುಗಳೂ ಅಲ್ಲಿ ಕೆಡದೆ ಉಳಿದಿದ್ದವು. ಜಿಂಕೆಯ ಕೂದಲು ತುಂಬಿದ ಎರಡು ದಿಂಬುಗಳು. ಬೆನ್ನೆಲುಬಿನ ಎಡಕ್ಕೊಂದು, ಬಲಕ್ಕೊಂದು ಬರುವಂತೆ ಅವನ್ನು ಜೋಡಿಸಿ ಹೊಲಿದಿದ್ದಾರೆ. ನಡುವೆ ಸಂದು!

ಚೀನಾದ ತುರ್ಫಾನ್ ಬಳಿಯ ಯಾಂಗ್‌ಹೈ ಸ್ಮಶಾನದಲ್ಲಿ ಸಿಕ್ಕ ಜೀನೂ ಇಂಥದೇ. ಕ್ರಿ.ಪೂ. 8ರಿಂದ 4ನೇ ಶತಮಾನದ ನಡುವಿನದು ಎನ್ನಲಾದ ಇದರ ವಿವರ ಪ್ರಕಟವಾದದ್ದು 2023ರಲ್ಲಿ. ಹಸುವಿನ ತೊಗಲಿನ ಎರಡು ದಿಂಬುಗಳಿಗೆ ಹುಲ್ಲು, ಜಿಂಕೆ ಮತ್ತು ಒಂಟೆಯ ಕೂದಲು ತುಂಬಲಾಗಿದೆ. ಅದು ಸಿಕ್ಕಿದ್ದು ಒಬ್ಬ ಹೆಂಗಸಿನ ಗೋರಿಯಲ್ಲಿ ಎಂಬುದು ಗಮನಾರ್ಹ. ಈವರೆಗೆ ದೊರೆತ ಅತಿ ಹಳೆಯ ಜೀನುಗಳಲ್ಲಿ ಒಂದಾದ ಇದರ ಒಡತಿ ದಿನನಿತ್ಯದ ಸವಾರಿ ಬಲ್ಲವಳಾಗಿದ್ದಿರಬೇಕು ಎಂದು ವಿದ್ವಾಂಸರು ಊಹಿಸಿದ್ದಾರೆ.

ಕ್ರಿ.ಪೂ. 3ನೇ ಶತಮಾನದ ಚೀನಾದ ಮೊದಲ ಚಕ್ರವರ್ತಿಯ ಮಣ್ಣಿನ ಸೈನ್ಯದಲ್ಲಿಯೂ ಜೀನು ಬಿಗಿದ ಕುದುರೆಗಳಿವೆ, ಆದರೆ ರಿಕಾಬು ಇಲ್ಲ. ರೋಮನ್ನರ ಜೀನಿಗೆ ಮುಂದೆ ಎರಡು, ಹಿಂದೆ ಎರಡು ಕೊಂಬುಗಳಿದ್ದವು. ಸವಾರ ಅವುಗಳ ನಡುವೆ ಸಿಕ್ಕಿಕೊಂಡಂತೆ ಕೂರುತ್ತಿದ್ದ. ಅದರೊಳಗೆ ಮರವಿತ್ತೇ, ಇರಲಿಲ್ಲವೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ.

ಮರ ಬಂದದ್ದು ಏಕೆ?

ದಿಂಬಿನ ಜೀನಿನಿಂದ ಮರದ ಜೀನಿಗೆ ಮನುಷ್ಯ ಹೋದದ್ದಕ್ಕೆ ಮುಖ್ಯ ಕಾರಣ ರಿಕಾಬು. ಕಾಲೂರುವ ಆಸರೆ ಸಿಕ್ಕಿದ ಮೇಲೆ ಸವಾರ ಎದ್ದು ನಿಲ್ಲಬಲ್ಲ, ಹಿಂದಕ್ಕೆ ತಿರುಗಿ ಬಾಣ ಬಿಡಬಲ್ಲ. ಆದರೆ ಆಗ ಅವನ ಭಾರವೆಲ್ಲ ರಿಕಾಬಿನ ಎರಡು ವಾರುಗಳ ಮೂಲಕ ಬೆನ್ನಿನ ಎರಡೇ ಬಿಂದುಗಳ ಮೇಲೆ ಬೀಳುತ್ತದೆ. ಮೆತ್ತನೆಯ ದಿಂಬು ಆ ಎಳೆತವನ್ನು ಹರಡಲಾರದು. ಗಟ್ಟಿ ಚೌಕಟ್ಟು ಬೇಕೇಬೇಕು.

ಜೋಡಿ ರಿಕಾಬಿನ ಆರಂಭದ ಪುರಾವೆಗಳಲ್ಲಿ ಒಂದು ಚೀನಾದ ನಾನ್‌ಜಿಂಗ್ ಬಳಿ ಕ್ರಿ.ಶ. 322ರ ಗೋರಿಯಲ್ಲಿ ಸಿಕ್ಕ ಕುದುರೆಯ ಬೊಂಬೆ. ಮಂಗೋಲಿಯಾದ ಅಲ್ತಾಯ್ ಪ್ರದೇಶದ ಗುಹೆಯೊಂದರಲ್ಲಿ 2015ರಲ್ಲಿ ದೊರೆತ ಮರದ ಜೀನು ಸುಮಾರು ಕ್ರಿ.ಶ. 420ರದು. ಬರ್ಚ್ ಮರದ ಆರು ತುಂಡುಗಳನ್ನು ಮರದ ಮೊಳೆಗಳಿಂದ ಕೂಡಿಸಿ ಅದನ್ನು ಮಾಡಲಾಗಿದೆ. ಮರದ ಜೀನು ಮತ್ತು ರಿಕಾಬು ಒಂದೇ ಕಾಲದ ಆಸುಪಾಸಿನಲ್ಲಿ ಕಾಣಿಸಿಕೊಂಡದ್ದು ಆಕಸ್ಮಿಕವಲ್ಲ. ಒಂದು ಇನ್ನೊಂದನ್ನು ಬೇಡುತ್ತಿತ್ತು.

ಮರದಿಂದ ಕುದುರೆಗೂ ಲಾಭವಾಯಿತು. ಎರಡು ಉದ್ದ ಹಲಗೆಗಳು ಬೆನ್ನಿನ ಎರಡು ಪಟ್ಟಿಗಳ ಮೇಲೆ ಕೂತು, ಅವುಗಳನ್ನು ಮುಂದೊಂದು ಹಿಂದೊಂದು ಕಮಾನು ಕೂಡಿಸಿದರೆ ಬೆನ್ನೆಲುಬಿಗೆ ಏನೂ ತಾಗುವುದಿಲ್ಲ. ಆದರೆ ಒಂದು ಹೊಸ ತೊಂದರೆಯೂ ಹುಟ್ಟಿತು. ದಿಂಬು ಎಲ್ಲ ಬೆನ್ನಿಗೂ ಹೇಗೋ ಬಾಗುತ್ತದೆ. ಮರ ಬಾಗುವುದಿಲ್ಲ. ಒಂದು ಕುದುರೆಗೆ ಕೆತ್ತಿದ ಮರ ಇನ್ನೊಂದಕ್ಕೆ ಹೊಂದಲೇಬೇಕೆಂದಿಲ್ಲ. ಜೀನಿನ ಅಳತೆ ಎಂಬ ತಲೆನೋವು ನಿಜವಾಗಿ ಬಿಗಡಾಯಿಸಿದ್ದು ಆಗಿನಿಂದ.

ಹಲ್ಲಣದಿಂದ ಜೀನಿಗೆ

ರಿಕಾಬಿನ ಕಥೆಯಲ್ಲಿ ಭಾರತಕ್ಕೂ ಪಾಲಿದೆ. ಹೆಬ್ಬೆರಳು ಮಾತ್ರ ತೂರಿಸುವಂಥ ಕುಣಿಕೆಯನ್ನು ಇತಿಹಾಸಕಾರರು ಕ್ರಿಸ್ತಪೂರ್ವ ಕಾಲದ ಸಾಂಚಿ ಶಿಲ್ಪಗಳಲ್ಲಿ ಗುರುತಿಸಿದ್ದಾರೆ. ಬರಿಗಾಲಿನ ಸವಾರನಿಗೆ ಅಷ್ಟು ಸಾಕಾಗುತ್ತಿತ್ತು.

ಕನ್ನಡದಲ್ಲಿ ಜೀನಿಗೆ ಹಳೆಯ ಹೆಸರು ‘ಹಲ್ಲಣ’. ಸಂಸ್ಕೃತದ ‘ಪರ್ಯಾಣ’ ಪ್ರಾಕೃತದಲ್ಲಿ ‘ಪಲ್ಲಾಣ’ವಾಗಿ, ಕನ್ನಡಕ್ಕೆ ‘ಪಲ್ಲಣ’, ‘ಹಲ್ಲಣ’ ಎಂದು ಬಂತು. 12ನೇ ಶತಮಾನದ ಅಲ್ಲಮಪ್ರಭುವಿನ ವಚನವೊಂದರಲ್ಲಿ ಈ ಮಾತು ಬಳಕೆಯಾಗಿದೆ. ‘ಜೀನು’, ‘ಲಗಾಮು’ ಪಾರಸಿಯಿಂದಲೂ, ‘ರಿಕಾಬು’ ಅರಬ್ಬಿಯಿಂದಲೂ ಬಂದವು. ಕುದುರೆಯ ಜೊತೆಯಲ್ಲೇ ಅದರ ಸಾಮಗ್ರಿಯ ಹೆಸರುಗಳೂ ಬಂದವು ಎನ್ನಬಹುದು. ಕೊಡುವುದೂ ನಡೆದಿದೆ. ಇಂದು ಇಂಗ್ಲಿಷ್ ಸವಾರರು ಜೀನಿನ ಕೆಳಗೆ ಹಾಸುವ ಬಟ್ಟೆಗೆ ‘ನಮ್ನಾ’ ಎನ್ನುತ್ತಾರೆ. ಅದು ಉಣ್ಣೆಯನ್ನು ಬಡಿದು ಮಾಡುವ ನಮ್ಮ ಉತ್ತರದ ‘ನಮ್ದಾ’ವೇ.

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ತಳಭಾಗದಲ್ಲಿ ಸಾಲಾಗಿ ಸಾಗುವ ಕುದುರೆ ಸವಾರರನ್ನು ಪ್ರವಾಸಿಗರು ನೋಡಿಯೇ ಇರುತ್ತಾರೆ. ಫ್ರೆಂಚ್ ವಿದ್ವಾಂಸ ಜಾನ್ ದೆಲೋಶ್ ಹೊಯ್ಸಳ ಶಿಲ್ಪಗಳಲ್ಲಿ ಕಾಣುವ ಯುದ್ಧ ಸಾಮಗ್ರಿಯ ಬಗ್ಗೆ 1989ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಮರುವರ್ಷ ಭಾರತೀಯ ಕಲೆಯಲ್ಲಿನ ಕುದುರೆ ಮತ್ತು ಸವಾರಿ ಸಾಮಗ್ರಿಯ ಕುರಿತು ಇನ್ನೊಂದನ್ನು ಪ್ರಕಟಿಸಿದರು. ಜೀನು, ರಿಕಾಬುಗಳ ಚರಿತ್ರೆಗೆ ನಮ್ಮ ಗುಡಿಗಳ ಗೋಡೆಗಳೇ ದಾಖಲೆ ಎಂಬುದನ್ನು ಅವರ ಕೆಲಸ ತೋರಿಸಿಕೊಟ್ಟಿತು.

ವಿಜಯನಗರದ ಅರಸರು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದರೆಂದು 16ನೇ ಶತಮಾನದ ಪೋರ್ಚುಗೀಸ್ ಬರಹಗಾರ ನ್ಯೂನಿಜ್ ಹೇಳಿದ್ದಾನೆ. ಹಾರ್ಮುಜ್‌ನಿಂದ ಹಡಗಿನಲ್ಲಿ ಬಂದವು, ದೇಶೀ ತಳಿಯವು ಎರಡೂ ಅದರಲ್ಲಿ ಸೇರಿದ್ದವು. ಹಂಪಿಯ ಹಜಾರರಾಮ ದೇವಾಲಯದ ಹೊರಗೋಡೆಯ ಮೇಲೆ ಅವುಗಳ ಮೆರವಣಿಗೆಯೇ ಇದೆ. ಅರಬ್ಬಿ ಕುದುರೆಯ ಬೆನ್ನು ಗಿಡ್ಡ. ದೇಶೀ ತಟ್ಟುವಿನ ಬೆನ್ನಿನ ಆಕಾರವೇ ಬೇರೆ. ಇಷ್ಟು ಬಗೆಯ ಬೆನ್ನುಗಳಿಗೆ ಜೀನು ಹೊಂದಿಸುವುದು ಸಣ್ಣ ಕೆಲಸವಾಗಿರಲಾರದು.

ದಂಡು ಕಲಿತ ಪಾಠ

ಈ ತಲೆನೋವು ಲೆಕ್ಕದ ಪುಸ್ತಕಕ್ಕೆ ಬಂದದ್ದು 19ನೇ ಶತಮಾನದ ಸೈನ್ಯಗಳಲ್ಲಿ. ಸಾವಿರಾರು ಕುದುರೆಗಳಿಗೆ ಒಂದೇ ಮಾದರಿಯ ಜೀನು ಬೇಕು, ಅದು ಎಲ್ಲಕ್ಕೂ ಹೊಂದಬೇಕು. ಅಮೆರಿಕದ ಸೇನಾಧಿಕಾರಿ ಜಾರ್ಜ್ ಮೆಕ್ಲೆಲನ್ ಯುರೋಪಿನ ಸೈನ್ಯಗಳನ್ನು ನೋಡಿ ಬಂದು ರೂಪಿಸಿದ ಜೀನನ್ನು ಅಲ್ಲಿನ ಸರ್ಕಾರ 1859ರಲ್ಲಿ ಒಪ್ಪಿಕೊಂಡಿತು. ಹಸಿ ತೊಗಲು ಬಿಗಿದ ಮರದ ಚೌಕಟ್ಟು. ಕೂರುವ ಜಾಗದ ನಡುವೆಯೇ ಉದ್ದಕ್ಕೆ ತೆರೆದ ಸಂದು. ಬೆನ್ನೆಲುಬಿಗೆ ಗಾಳಿಯೂ ಆಡುತ್ತಿತ್ತು. ತೊಗಲು ಬಿರುಕು ಬಿಟ್ಟರೆ ಸವಾರನಿಗೆ ನರಕ. ಆದರೂ ಅಮೆರಿಕದ ಅಶ್ವದಳ ಇರುವವರೆಗೂ ಈ ಮಾದರಿ ಸಣ್ಣಪುಟ್ಟ ಬದಲಾವಣೆಗಳೊಂದಿಗೆ ಉಳಿಯಿತು. ಹೊಂದಾಣಿಕೆಯ ಕೆಲಸ ಕೆಳಗೆ ಮಡಚಿ ಹಾಸುವ ಕಂಬಳಿಯದಾಗಿತ್ತು.

ಬ್ರಿಟಿಷ್ ಸೈನ್ಯದ ಪಶುವೈದ್ಯ ಫ್ರೆಡರಿಕ್ ಸ್ಮಿತ್ 1891ರಲ್ಲಿ ಜೀನು ಮತ್ತು ಬೆನ್ನುಹುಣ್ಣಿನ ಬಗ್ಗೆಯೇ ಒಂದು ಕೈಪಿಡಿ ಬರೆದರು. ಹುಣ್ಣು ಬರುವುದು ವಿಧಿಯಿಂದಲ್ಲ, ಅಳತೆ ತಪ್ಪಿದ ಜೀನಿನಿಂದ ಎಂಬ ತಿಳಿವಳಿಕೆ ಹೀಗೆ ಸೇನೆಯ ಪಾಠವಾಯಿತು. ಆದರೆ ಪಾಠ ಜಾರಿಗೆ ಬರಲು ಹೊತ್ತು ಹಿಡಿಯಿತು. 1899ರಿಂದ 1902ರವರೆಗೆ ನಡೆದ ಬೋಯರ್ ಯುದ್ಧದಲ್ಲಿ ಬ್ರಿಟಿಷರ ಕಡೆ ಮೂರು ಲಕ್ಷಕ್ಕೂ ಹೆಚ್ಚು ಕುದುರೆಗಳು ಸತ್ತವು. ಗುಂಡಿಗೆ ಬಲಿಯಾದವು ಸ್ವಲ್ಪ. ಹಸಿವು, ದಣಿವು, ರೋಗ, ಅತಿಭಾರಗಳಿಗೆ ತುತ್ತಾದವೇ ಬಹಳ. 1914ರ ಆಗಸ್ಟಿನಲ್ಲಿ ಫ್ರೆಂಚ್ ಅಶ್ವದಳದ ಸವಾರರು ಕೆಳಗಿಳಿದು ಕುದುರೆಗಳನ್ನು ನಡೆಸುತ್ತಿರಲಿಲ್ಲ, ಅವುಗಳ ಬೆನ್ನುಹುಣ್ಣಿನ ನಾತ ದೂರಕ್ಕೇ ಬರುತ್ತಿತ್ತು ಎಂಬುದು ಬ್ರಿಟಿಷ್ ಸೈನಿಕರ ನೆನಪುಗಳಲ್ಲಿ ದಾಖಲಾಗಿದೆ.

ಬ್ರಿಟಿಷರ 1912ರ ಮಾದರಿಯ ಜೀನಿನಲ್ಲಿ ಉಕ್ಕಿನ ಕಮಾನುಗಳಿಗೆ ಪಕ್ಕದ ಹಲಗೆಗಳನ್ನು ಕೀಲಿನಿಂದ ಜೋಡಿಸಲಾಯಿತು. ಯುದ್ಧದಲ್ಲಿ ಕುದುರೆ ಬಡಕಲಾದಂತೆ ಹಲಗೆಗಳು ತಿರುಗಿ ಬೆನ್ನಿನ ಇಳಿಜಾರಿಗೆ ಹೊಂದಿಕೊಳ್ಳುತ್ತಿದ್ದವು. ಬದಲಾಗುವುದು ಬೆನ್ನು, ಆದ್ದರಿಂದ ಜೀನೂ ಬದಲಾಗಬೇಕು ಎಂಬ ಸತ್ಯವನ್ನು ಮರ ಮತ್ತು ಉಕ್ಕು ಒಪ್ಪಿಕೊಂಡ ಗಳಿಗೆ ಅದು.

1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ತೀನಿನ ಹೈಫಾ ಪಟ್ಟಣವನ್ನು ಜೋಧ್‌ಪುರ ಮತ್ತು ಮೈಸೂರು ಲ್ಯಾನ್ಸರ್‌ಗಳು ಈಟಿ ಹಿಡಿದು ನುಗ್ಗಿ ಗೆದ್ದದ್ದು ಪ್ರಸಿದ್ಧ ಸಂಗತಿ. ಆ ನುಗ್ಗಾಟದ ಹಿಂದೆ ದಿನಗಟ್ಟಲೆ ನಡಿಗೆಯಿತ್ತು. ಬೆನ್ನು ಗಟ್ಟಿಯಿದ್ದ ಕುದುರೆಗಳಷ್ಟೇ ಆ ಗಳಿಗೆಯವರೆಗೆ ಬರಬಲ್ಲವಾಗಿದ್ದವು.

ಮರವಿಲ್ಲದ ಜೀನು ಮರಳಿ ಬಂತು

ಯುದ್ಧಗಳಿಂದ ಕುದುರೆ ನಿವೃತ್ತಿ ಹೊಂದಿ ಕ್ರೀಡೆ, ವಿಹಾರಗಳಿಗೆ ಬಂದ ಮೇಲೆ ಜೀನು ಅಂಗಡಿಯ ಸರಕಾಯಿತು. ಇಂಗ್ಲೆಂಡಿನ ವಾಲ್ಸಾಲ್, ನಮ್ಮ ಕಾನ್ಪುರ ಮುಂತಾದ ಊರುಗಳು ಜೀನಿನ ಕೈಗಾರಿಕೆಗೆ ಹೆಸರಾದವು. ಕಾನ್ಪುರದ ಜೀನುಗಳು ಇಂದಿಗೂ ಹೊರದೇಶಗಳಿಗೆ ಹೋಗುತ್ತವೆ. ಆದರೆ ಅಂಗಡಿಯ ಜೀನು ಸಿದ್ಧ ಅಳತೆಯದು. ಅದು ಹೊಂದದೆ ಬೇಸತ್ತವರು 1980ರ ದಶಕದಿಂದೀಚೆಗೆ ಅಮೆರಿಕ, ಯುರೋಪುಗಳಲ್ಲಿ ಮರವಿಲ್ಲದ ಜೀನಿನ ಕಡೆ ತಿರುಗಿದರು. ತೊಗಲು, ನಮ್ದಾ, ದಪ್ಪ ಸ್ಪಂಜುಗಳಿಂದ ಮಾಡಿದ ಇವು ಹಗುರ. ಅಗಲ ಬೆನ್ನಿನ ಕುದುರೆಗೂ ಬಾಗುತ್ತವೆ. ಬೆನ್ನಿನ ಆಕಾರ ಬದಲಾದರೆ ಜೊತೆಗೆ ಬದಲಾಗುತ್ತವೆ. ಹೆಗಲಿನ ಮೂಳೆಗೆ ತಡೆಯಾಗುವ ಗಟ್ಟಿ ಅಂಚು ಇಲ್ಲ.

ಹಾಗಾದರೆ ಸಮಸ್ಯೆ ಮುಗಿಯಿತೇ? ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಒತ್ತಡ ಅಳೆಯುವ ವಿದ್ಯುನ್ಮಾನ ಚಾಪೆಯನ್ನು ಬೆನ್ನ ಮೇಲೆ ಹಾಸಿ ಎಂಟು ಕುದುರೆಗಳನ್ನು ಪರೀಕ್ಷಿಸಿದರು. 2012ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಮರದ ಜೀನು ಭಾರವನ್ನು ಹೆಚ್ಚು ಜಾಗಕ್ಕೆ ಹರಡಿತು. ಮರವಿಲ್ಲದ ಜೀನಿನಲ್ಲಿ ಸವಾರ ಕೂತ ನಡುಭಾಗದಲ್ಲಿ ಒತ್ತಡ ಹೆಚ್ಚಿತ್ತು. ಬರಿ ಬೆನ್ನಿನ ಸವಾರಿಯನ್ನು ಪರೀಕ್ಷಿಸಿದಾಗಲೂ ಸವಾರನ ಕೂರುಮೂಳೆಗಳ ಕೆಳಗೆ ಒತ್ತಡ ಒತ್ತಾಗಿ ಬಿದ್ದದ್ದು ಕಂಡುಬಂತು.

ಇದರರ್ಥ ಮರವಿಲ್ಲದ ಜೀನು ಕೆಟ್ಟದ್ದು ಎಂದಲ್ಲ. ಹೊಂದದ ಮರ ಒಂದೇ ಅಂಚಿನಲ್ಲಿ ಕೊರೆಯುವುದಕ್ಕಿಂತ ಹೊಂದಿದ ದಿಂಬು ಮೇಲು. ಆದರೆ ಅದಕ್ಕೆ ನಿಯಮಗಳಿವೆ. ಬೆನ್ನೆಲುಬಿನ ಮೇಲೆ ಸಂದು ಉಳಿಸುವಂಥ, ನಡುವೆ ಕಾಲುವೆಯಿರುವ ದಪ್ಪ ಹಾಸು ಕೆಳಗೆ ಇರಲೇಬೇಕು. ಹಗುರ ಸವಾರನಿಗೆ, ಕಡಿಮೆ ಹೊತ್ತಿನ ಸವಾರಿಗೆ ಅದು ಹೆಚ್ಚು ಒಪ್ಪುತ್ತದೆ. ರಿಕಾಬಿನಲ್ಲಿ ಎದ್ದು ನಿಂತು ನೆಗೆತ ಕಲಿಯುವವರಿಗೆ ತಕ್ಕುದಲ್ಲ. ನೆಲದಿಂದ ಒಮ್ಮೆಲೇ ಹತ್ತಿದರೆ ಪಕ್ಕಕ್ಕೆ ವಾಲುವುದರಿಂದ ಮೆಟ್ಟಿಲು ಅಥವಾ ಸ್ಟೂಲಿನ ಮೇಲೆ ನಿಂತು ಹತ್ತುವುದು ಕ್ಷೇಮ.

ಅಳತೆ ನೋಡುವ ಬಗೆ

ಯಾವ ಜೀನೇ ಆಗಲಿ, ಆಯ್ಕೆ ಶುರುವಾಗಬೇಕಾದದ್ದು ಲಾಯದಲ್ಲಿ. ಕುದುರೆಯನ್ನು ಸಮನೆಲದ ಮೇಲೆ ನಿಲ್ಲಿಸಿ, ಬೆನ್ನನ್ನು ಕೈಯಿಂದ ಮುಟ್ಟಿ ನೋಡಬೇಕು. ಬಾಗುವ ತಂತಿಯೊಂದನ್ನು ಹೆಗಲಿನ ದಿಬ್ಬದ ಹಿಂದೆ ಅಡ್ಡಲಾಗಿ ಒತ್ತಿ, ಆ ಆಕಾರವನ್ನು ಕಾಗದದ ಮೇಲೆ ಎಳೆದುಕೊಂಡರೆ ಅಂಗಡಿಗೆ ಹೋಗುವಾಗ ಕುದುರೆಯ ಬೆನ್ನೇ ಜೊತೆಗೆ ಹೋದಂತೆ.

ಜೀನನ್ನು ಮೊದಲು ಕೆಳಗೆ ಬಟ್ಟೆಯಿಲ್ಲದೆ ಇಟ್ಟು ನೋಡಬೇಕು. ಸ್ವಲ್ಪ ಮುಂದೆ ಇಟ್ಟು ಹಿಂದಕ್ಕೆ ಜಾರಿಸಿದರೆ ಹೆಗಲಿನ ಮೂಳೆಯ ಹಿಂದೆ ತಾನಾಗಿ ನಿಲ್ಲುತ್ತದೆ. ಸವಾರ ಕೂತ ಮೇಲೂ ಮುಂದಿನ ಕಮಾನಿನ ಕೆಳಗೆ ಎರಡು ಮೂರು ಬೆರಳು ತೂರುವಷ್ಟು ಜಾಗ ಉಳಿಯಬೇಕು. ನಡುವಿನ ಕಾಲುವೆ ಮುಂದಿನಿಂದ ಹಿಂದಿನವರೆಗೆ ಮೂರು ನಾಲ್ಕು ಬೆರಳು ಅಗಲ ಇರಬೇಕು. ಅಂಗೈಯನ್ನು ಜೀನಿನ ಕೆಳಗೆ ಉದ್ದಕ್ಕೂ ಸರಿಸಿದರೆ ಒತ್ತು ಒಂದೇ ಸಮನಾಗಿರಬೇಕು. ಮುಂದೆ, ಹಿಂದೆ ಬಿಗಿಯಾಗಿ ನಡುವೆ ಟೊಳ್ಳಾದರೆ ಭಾರವೆಲ್ಲ ನಾಲ್ಕು ಮೂಲೆಗಳ ಮೇಲೆ ಬೀಳುತ್ತದೆ ಎಂದರ್ಥ. ಕೂರುವ ಜಾಗ ಮುಂದಕ್ಕಾಗಲಿ ಹಿಂದಕ್ಕಾಗಲಿ ಇಳಿಜಾರಾಗದೆ ಸಮವಾಗಿರಬೇಕು.

ಬಿಗಿಯಾದ ಜೀನಿನ ಕೆಳಗೆ ಇನ್ನೊಂದು ದಪ್ಪ ಬಟ್ಟೆ ಹಾಸಿ ಸರಿಮಾಡಬಹುದು ಎಂಬ ನಂಬಿಕೆ ವ್ಯಾಪಕ. ಇರುಕಾದ ಬೂಟಿನಲ್ಲಿ ಎರಡು ಜೊತೆ ಕಾಲುಚೀಲ ಹಾಕಿದಂತೆ, ಅದರಿಂದ ಒತ್ತು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು.

ಸವಾರಿ ಮುಗಿಸಿ ಜೀನು ತೆಗೆದಾಗ ಬೆನ್ನೇ ಸಾಕ್ಷಿ ಹೇಳುತ್ತದೆ. ಎರಡೂ ಕಡೆ ಬೆವರು ಸಮನಾಗಿದ್ದರೆ ಒಳ್ಳೆಯದು. ಬೆವರಿನ ನಡುವೆ ಅಂಗೈಯಗಲ ಒಣ ಜಾಗ ಕಂಡರೆ ಅಲ್ಲಿ ಅತಿಯಾದ ಒತ್ತಡ ಬಿದ್ದಿರುವ ಸಂಶಯ. ಒಮ್ಮೆ ಹೊಂದಿದ ಜೀನು ಸದಾ ಹೊಂದುತ್ತದೆಂಬ ಭರವಸೆಯೂ ಇಲ್ಲ. ಇಂಗ್ಲೆಂಡಿನ ಪಶುವೈದ್ಯರಾದ ಲೀನೆ ಗ್ರೇವ್ ಮತ್ತು ಸ್ಯೂ ಡೈಸನ್ ಕ್ರೀಡಾ ಕುದುರೆಗಳನ್ನು ಒಂದು ವರ್ಷ ಅಳೆದು ನೋಡಿ, ಕೆಲಸ, ಋತು, ಜೀನುಗಳಿಗೆ ತಕ್ಕಂತೆ ಬೆನ್ನಿನ ಆಕಾರ ಬದಲಾಗುವುದನ್ನು ತೋರಿಸಿದ್ದಾರೆ. ಕೆಲವು ತಿಂಗಳಿಗೊಮ್ಮೆ ಪರೀಕ್ಷೆ ಮತ್ತೆ ಆಗಬೇಕು.

ಜೀನು ಕಂಡೊಡನೆ ಕಿವಿ ಹಿಂದಕ್ಕೆ ಮಡಚುವ, ಹೊಟ್ಟೆಪಟ್ಟಿ ಬಿಗಿಯುವಾಗ ಕಚ್ಚಲು ಬರುವ, ಸವಾರ ಕೂತೊಡನೆ ಬೆನ್ನು ತಗ್ಗಿಸುವ ಕುದುರೆಗೆ ಜನ ಸುಲಭವಾಗಿ ‘ಹಟಮಾರಿ’ ಎಂಬ ಹೆಸರು ಕೊಡುತ್ತಾರೆ. ಚಾವಟಿಯೂ ಬೀಳುತ್ತದೆ. ಅದು ಹಟವೋ ನೋವೋ ಎಂದು ತಿಳಿಯಲು ಚಾವಟಿ ಕೆಳಗಿಟ್ಟು, ಜೀನಿನ ಕೆಳಗೆ ಕೈ ತೂರಿಸಿ ನೋಡಬೇಕು. ಯಾಂಗ್‌ಹೈಯ ಆ ಹೆಂಗಸಿನ ಜೀನು ಹೊಲಿದವರು ಎರಡು ದಿಂಬುಗಳ ನಡುವೆ ಬಿಟ್ಟ ಸಂದು ಅಲ್ಲಿ ಇದೆಯೇ, ಇಲ್ಲವೇ ಎಂಬುದೇ ಇಂದಿಗೂ ಮೊದಲ ಪರೀಕ್ಷೆ.